ಒಂದೇ ದಡಾರ, ಮೂರು ದ್ವೀಪ

1846ರ ಮಾರ್ಚ್ 28. ಎಂಟು ದಿನಗಳ ಹಿಂದೆ ಕೋಪನ್‌ಹೇಗನ್‌ನಿಂದ ಹೊರಟಿದ್ದ ಹಡಗು ಉತ್ತರ ಅಟ್ಲಾಂಟಿಕ್ ಸಾಗರದ ನಡುವಿನ ಫೆರೋ ದ್ವೀಪಗಳ ತೋರ್ಶಾವ್ನ್ ಬಂದರಿಗೆ ಬಂತು. ಇಳಿದವರಲ್ಲಿ ಒಬ್ಬ ಬಡಗಿ. ಹೊರಡುವ ಮುನ್ನ ಅವನು ಕೋಪನ್‌ಹೇಗನ್‌ನಲ್ಲಿ ದಡಾರವಾದವರನ್ನು ನೋಡಿಕೊಂಡು ಬಂದಿದ್ದ. ಹಡಗಿನಲ್ಲಿ ಅವನಿಗೆ ಏನೂ ಆಗಿರಲಿಲ್ಲ. ಏಪ್ರಿಲ್ ಮೊದಲಲ್ಲಿ ಜ್ವರ ಬಂತು, ಆಮೇಲೆ ಮೈತುಂಬ ಕೆಂಪು ದದ್ದು ಎದ್ದಿತು. ಸುಮಾರು ಎರಡು ವಾರದ ನಂತರ ಅವನ ಜೊತೆ ಓಡಾಡಿದ್ದ ಇಬ್ಬರು ಗೆಳೆಯರೂ ಹಾಸಿಗೆ ಹಿಡಿದರು. ಅಲ್ಲಿಂದ ಮುಂದೆ ದಡಾರ ದೋಣಿ ಹತ್ತಿ ದ್ವೀಪದಿಂದ ದ್ವೀಪಕ್ಕೆ ಹೋಯಿತು.

ಆಗ ಫೆರೋದ ಜನವಸತಿಯ ಹದಿನೇಳು ದ್ವೀಪಗಳಲ್ಲಿ ಇದ್ದವರು ಒಟ್ಟು 7,782 ಮಂದಿ. ಮೀನು ಹಿಡಿಯುವುದು, ಕುರಿ ಸಾಕುವುದು, ದಡಕ್ಕೆ ಬಂದ ತಿಮಿಂಗಿಲಗಳ ಹಿಂಡನ್ನು ಊರೆಲ್ಲ ಸೇರಿ ಬೇಟೆಯಾಡುವುದು ಅವರ ಬದುಕು. ಅಲ್ಲಿಗೆ ಹಿಂದೆ ದಡಾರ ಬಂದದ್ದು 1781ರಲ್ಲಿ. ನಡುವಿನ 65 ವರ್ಷ ಅದರ ಸುಳಿವೇ ಇರಲಿಲ್ಲ. ಹೀಗಾಗಿ 65 ದಾಟದ ಯಾರ ದೇಹಕ್ಕೂ ಈ ರೋಗದ ಪರಿಚಯ ಇರಲಿಲ್ಲ. ನಮ್ಮಲ್ಲಿ ಮಕ್ಕಳ ಕಾಯಿಲೆ ಎನಿಸಿಕೊಂಡ ದಡಾರ ಅಲ್ಲಿ ಕೂಸು, ತಾಯಿ, ತಂದೆ, ಅಜ್ಜ ಎಲ್ಲರನ್ನೂ ಒಟ್ಟಿಗೆ ಮಲಗಿಸಿತು. ಕೆಲವೇ ತಿಂಗಳಲ್ಲಿ 6,000ಕ್ಕೂ ಹೆಚ್ಚು ಮಂದಿಗೆ ರೋಗ ಬಂತು.

ಆಗ ಫೆರೋ ದ್ವೀಪಗಳು ಡೆನ್ಮಾರ್ಕ್‌ನ ಆಡಳಿತದಲ್ಲಿದ್ದವು. ಸರ್ಕಾರ ಇಬ್ಬರು ಯುವ ವೈದ್ಯರನ್ನು ಕಳಿಸಿತು. ಒಬ್ಬ ಆಗಸ್ಟ್ ಮಾನಿಕುಸ್, ಇನ್ನೊಬ್ಬ ಪೀಟರ್ ಲುಡ್ವಿಗ್ ಪಾನುಮ್. ವೈದ್ಯಕೀಯ ಪರೀಕ್ಷೆ ಪಾಸಾಗಿ ಆಗಷ್ಟೇ ಹೊರಬಂದಿದ್ದ ಪಾನುಮ್‌ಗೆ 25 ವರ್ಷ. ರೋಗ ಎಂದರೆ ಕೆಟ್ಟ ಗಾಳಿಯ ಪರಿಣಾಮ, ಕೊಳೆತ ನೆಲದಿಂದ ಏಳುವ ಹಬೆಯ ಕಾಟ ಎಂದು ದೊಡ್ಡ ದೊಡ್ಡ ವೈದ್ಯರೇ ನಂಬಿದ್ದ ಕಾಲ ಅದು. ಸೂಕ್ಷ್ಮಜೀವಿಯೊಂದು ರೋಗ ತರುತ್ತದೆ ಎಂಬ ಮಾತು ಸಾಬೀತಾಗಲು ಇನ್ನೂ ಮೂರು ದಶಕ ಬೇಕಿತ್ತು. ಪಾನುಮ್ ಬಳಿ ಇದ್ದದ್ದು ಒಂದು ಪ್ರಶ್ನೆ ಮಾತ್ರ: ನಿಮ್ಮ ಮನೆಯಲ್ಲಿ ಮೊದಲು ದದ್ದು ಎದ್ದದ್ದು ಯಾರಿಗೆ, ಯಾವ ದಿನ? ದೋಣಿಯಲ್ಲಿ, ಕಾಲ್ನಡಿಗೆಯಲ್ಲಿ 52 ಹಳ್ಳಿಗಳನ್ನು ಸುತ್ತಿ, ಮನೆಯಿಂದ ಮನೆಗೆ ಹೋಗಿ ಅವನು ಈ ಪ್ರಶ್ನೆಗೆ ಉತ್ತರ ಬರೆದುಕೊಂಡ.

ಅಲ್ಲಿನ ಜನರ ಬದುಕೇ ಅವನಿಗೆ ನೆರವಾಯಿತು. ದೂರ ದೂರದ ಪುಟ್ಟ ಹಳ್ಳಿಗಳು. ಹೊರಗಿನವರು ಬಂದರೆ ಇಡೀ ಊರಿಗೆ ನೆನಪಿರುತ್ತಿತ್ತು. ಜೂನ್ 4ರಂದು ವೆಸ್ಟ್‌ಮನ್ನಾದಲ್ಲಿ ತಿಮಿಂಗಿಲ ಬೇಟೆ ನಡೆದಾಗ ಚೋರ್ನುವಿಕ್ ಎಂಬ ಹಳ್ಳಿಯಿಂದ ಹತ್ತು ಗಂಡಸರು ಒಂದೇ ದೋಣಿಯಲ್ಲಿ ಹೋಗಿದ್ದರು. ಬೇಟೆ ಮುಗಿಸಿ ಮರಳಿದರು. ಜೂನ್ 18ರಂದು ಹತ್ತೂ ಜನರ ಮೈಮೇಲೆ ದದ್ದು ಎದ್ದಿತು. ಇಂಥ ಘಟನೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ಲೆಕ್ಕ ಮತ್ತೆ ಮತ್ತೆ ಒಂದೇ ಬಂತು: ರೋಗಿಯ ಸಂಪರ್ಕಕ್ಕೆ ಬಂದ ಹದಿಮೂರು, ಹದಿನಾಲ್ಕನೆಯ ದಿನಕ್ಕೆ ದದ್ದು. ಕೆಟ್ಟ ಗಾಳಿಗೆ ಇಂಥ ಶಿಸ್ತಿನ ದಿನಗಣನೆ ಸಾಧ್ಯವಿಲ್ಲ. ರೋಗ ಮನುಷ್ಯನಿಂದ ಮನುಷ್ಯನಿಗೆ ಹೋಗುತ್ತಿದೆ ಎಂದು ಅವನು ತೀರ್ಮಾನಿಸಿದ. 1781ರಲ್ಲಿ ಮಕ್ಕಳಾಗಿದ್ದಾಗ ದಡಾರ ಅನುಭವಿಸಿದ್ದ 98 ಮುದುಕರು, ಮುದುಕಿಯರು ಅವನಿಗೆ ಸಿಕ್ಕರು. ಮನೆಮಂದಿಯೆಲ್ಲ ಮಲಗಿದ್ದಾಗಲೂ ಅವರಲ್ಲಿ ಒಬ್ಬರಿಗೂ ರೋಗ ಬಂದಿರಲಿಲ್ಲ. ಒಮ್ಮೆ ಬಂದವರಿಗೆ 65 ವರ್ಷ ಕಳೆದರೂ ಮತ್ತೆ ಬರುವುದಿಲ್ಲ ಎಂಬ ಸತ್ಯ ಹೀಗೆ ದಾಖಲಾಯಿತು. ಹೊರಗಿನವರನ್ನು ಬಿಟ್ಟುಕೊಳ್ಳದೆ ಬಾಗಿಲು ಹಾಕಿಕೊಂಡ ಹಳ್ಳಿಗಳು ಪಾರಾದವು ಎಂಬುದನ್ನೂ ಅವನು ತೋರಿಸಿದ. 1847ರಲ್ಲಿ ಪ್ರಕಟವಾದ ಅವನ ವರದಿಯನ್ನು ಇಂದಿಗೂ ಸಾಂಕ್ರಾಮಿಕ ರೋಗಶಾಸ್ತ್ರದ ವಿದ್ಯಾರ್ಥಿಗಳು ಓದುತ್ತಾರೆ.

ಇಷ್ಟೊಂದು ಜನ ಮಲಗಿದ ಫೆರೋದಲ್ಲಿ ಸತ್ತವರು ಎಷ್ಟು? ನೂರಕ್ಕೂ ಹೆಚ್ಚು ಜೀವಗಳು ಹೋದವು. ಎಳೆಗೂಸುಗಳು, ವಯಸ್ಸಾದವರು ಹೆಚ್ಚು ಸತ್ತರು. ಆ ಪುಟ್ಟ ನಾಡಿಗೆ ಅದು ದೊಡ್ಡ ದುಃಖವೇ. ಆದರೂ ರೋಗ ಬಂದ ನೂರು ಮಂದಿಯಲ್ಲಿ ತೊಂಬತ್ತೇಳಕ್ಕಿಂತ ಹೆಚ್ಚು ಮಂದಿ ಎದ್ದು ಕುಳಿತರು. ಈ ಸಂಖ್ಯೆಯನ್ನು ನೆನಪಿನಲ್ಲಿಡಿ. ಮೂವತ್ತು ವರ್ಷ ಕಳೆಯುವುದರೊಳಗೆ ಇದೇ ರೋಗ ಇನ್ನೊಂದು ದ್ವೀಪಸಮೂಹಕ್ಕೆ ಕಾಲಿಟ್ಟಿತು. ಅಲ್ಲಿಯೂ ಯಾರಿಗೂ ಪ್ರತಿರೋಧ ಶಕ್ತಿ ಇರಲಿಲ್ಲ, ಅಲ್ಲಿಯೂ ಎಲ್ಲ ವಯಸ್ಸಿನವರೂ ಮಲಗಿದರು. ಆದರೆ ಸಾವಿನ ಲೆಕ್ಕ ಬೇರೆಯೇ ಆಯಿತು.

ಹಳದಿ ಬಾವುಟ ಹಾರಲಿಲ್ಲ

ದಕ್ಷಿಣ ಪೆಸಿಫಿಕ್‌ನ ಫಿಜಿ ದ್ವೀಪಗಳ ಪ್ರಬಲ ನಾಯಕ ರಾತು ಸೆರು ಥಾಕೊಂಬಾವು. 1874ರ ಅಕ್ಟೋಬರ್ 10ರಂದು ಲೆವುಕಾ ಪಟ್ಟಣದಲ್ಲಿ ಅವನೂ ಇತರ ಮುಖ್ಯಸ್ಥರೂ ಸೇರಿ ಫಿಜಿಯನ್ನು ಬ್ರಿಟಿಷ್ ರಾಣಿಗೆ ಒಪ್ಪಿಸುವ ಪತ್ರಕ್ಕೆ ಸಹಿ ಹಾಕಿದರು. ಅದನ್ನು ಸ್ವೀಕರಿಸಿದವನು ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಸರ್ ಹರ್ಕ್ಯುಲಿಸ್ ರಾಬಿನ್ಸನ್. ಸೌಹಾರ್ದದ ಗುರುತಾಗಿ ಥಾಕೊಂಬಾವುನನ್ನು ಸಿಡ್ನಿಗೆ ಅತಿಥಿಯಾಗಿ ಕರೆಸಿಕೊಳ್ಳಲಾಯಿತು. ಮಕ್ಕಳೂ ಪರಿವಾರವೂ ಜೊತೆಗೆ ಹೋದರು. ಆಗ ಸಿಡ್ನಿಯಲ್ಲಿ ದಡಾರ ಹಬ್ಬಿತ್ತು. ಅರವತ್ತರ ಆಸುಪಾಸಿನ ಥಾಕೊಂಬಾವುಗೆ ಅಲ್ಲೇ ರೋಗ ತಗಲಿತು. ವೈದ್ಯರಿದ್ದರು, ಬೆಚ್ಚಗಿನ ಕೋಣೆ ಇತ್ತು, ನೋಡಿಕೊಳ್ಳುವವರಿದ್ದರು, ಅವನು ಚೇತರಿಸಿಕೊಂಡ. ಮರಳಿ ಬರುವಾಗ ಎಚ್‌ಎಂಎಸ್ ಡೈಡೋ ಎಂಬ ಯುದ್ಧನೌಕೆಯಲ್ಲಿ ಮಕ್ಕಳಿಗೆ ರೋಗ ಕಾಣಿಸಿಕೊಂಡಿತು.

1875ರ ಜನವರಿ 12ರಂದು ಡೈಡೋ ಲೆವುಕಾಕ್ಕೆ ಬಂತು. ಹಡಗಿನಲ್ಲಿ ಅಂಟುರೋಗ ಇದ್ದರೆ ಹಳದಿ ಬಾವುಟ ಹಾರಿಸಿ, ಯಾರನ್ನೂ ಇಳಿಸದೆ, ದಡದಿಂದ ದೂರ ನಿಲ್ಲಬೇಕೆಂಬುದು ಸಮುದ್ರಯಾನದ ಹಳೆಯ ನಿಯಮ. ಆ ದಿನ ಬಾವುಟ ಹಾರಲಿಲ್ಲ, ಪ್ರತ್ಯೇಕವಾಸವೂ ನಡೆಯಲಿಲ್ಲ. ಬಹಳ ದಿನಗಳ ಮೇಲೆ ಊರಿಗೆ ಬಂದ ನಾಯಕನನ್ನು ಕಾಣಲು ಬಂಧುಗಳೂ ಮುಖ್ಯಸ್ಥರೂ ಬಂದರು, ಕೈ ಮುಟ್ಟಿ ಗೌರವ ಸಲ್ಲಿಸಿ ಹೋದರು. ಅದೇ ತಿಂಗಳು ರೇವಾ ನದಿಯ ದಂಡೆಯ ನವುಸೊದಲ್ಲಿ ಹಂಗಾಮಿ ಆಡಳಿತಗಾರ ಎಡ್ಗರ್ ಲೇಯರ್ಡ್ ಒಳನಾಡಿನ ಬೆಟ್ಟದ ಸೀಮೆಯ ಮುಖ್ಯಸ್ಥರ ಸಭೆ ಕರೆದ. ಹೊಸ ಆಡಳಿತಕ್ಕೆ ಅವರ ಒಪ್ಪಿಗೆ ಬೇಕಿತ್ತು. ಸಭೆ ಮುಗಿಸಿ ಅವರು ತಮ್ಮ ತಮ್ಮ ಕಣಿವೆಗಳಿಗೆ ಹೋದರು. ದಡಾರವೂ ಅವರೊಂದಿಗೆ ಹೋಯಿತು.

ಫೆಬ್ರವರಿಯ ಹೊತ್ತಿಗೆ ಹಳ್ಳಿ ಹಳ್ಳಿಗಳೇ ಮಲಗಿದ್ದವು. ಅದು ಫಿಜಿಯ ಮಳೆಗಾಲ. ನೆಲ ತೇವ, ಗುಡಿಸಲು ತೇವ. ಒಂದೇ ಮನೆಯಲ್ಲಿ ಎಲ್ಲರಿಗೂ ಒಂದೇ ವಾರ ಜ್ವರ ಬಂದರೆ ನೀರು ತರುವವರು ಯಾರು? ಗೆಣಸು ಅಗೆಯುವವರು, ಒಲೆ ಹಚ್ಚುವವರು ಯಾರು? ಹೊಲದಲ್ಲಿ ಬೆಳೆ ಇದ್ದರೂ ಹೊಟ್ಟೆಗೆ ಅನ್ನವಿಲ್ಲದ ಸ್ಥಿತಿ ಬಂತು. ಮೈಯ ಉರಿ ತಾಳಲಾರದೆ ಜನ ಹೊಳೆಗೆ ಹೋಗಿ ತಣ್ಣೀರಿನಲ್ಲಿ ಕುಳಿತರು. ಶ್ವಾಸಕೋಶ ಕಟ್ಟಿ ಸತ್ತರು. ದದ್ದು ಇಳಿದವರನ್ನು ರಕ್ತಭೇದಿ ಹಿಡಿಯಿತು. ಇದು ಬಿಳಿಯರು ಬೇಕೆಂದೇ ತಂದ ರೋಗ ಎಂಬ ಅನುಮಾನ ಹರಡಿ ಔಷಧವನ್ನೂ ಆಹಾರವನ್ನೂ ಬೇಡವೆಂದವರಿದ್ದರು. ನಾವು ಹೇಗೂ ಸಾಯುತ್ತೇವೆ ಎಂಬ ಭಯಕ್ಕೆ ಒಳಗಾಗಿ ಮಲಗಿದಲ್ಲೇ ಮಲಗಿದವರಿದ್ದರು. ನಾಲ್ಕೈದು ತಿಂಗಳಲ್ಲಿ ಸುಮಾರು 40,000 ಮಂದಿ ಸತ್ತರು ಎಂದು ಅಂದಿನ ಆಡಳಿತ ಅಂದಾಜು ಮಾಡಿತು. ಆಗಿನ ಫಿಜಿಯ ಒಟ್ಟು ಜನಸಂಖ್ಯೆ ಒಂದೂವರೆ ಲಕ್ಷದ ಒಳಗೆ. ಕಾಲು ಭಾಗದಷ್ಟು ಜನ ಇಲ್ಲವಾದರು.

ಇದರ ಪರಿಣಾಮ ದಶಕಗಳ ಕಾಲ ನಡೆಯಿತು. ಮರುವರ್ಷ ವೀತಿ ಲೇವು ದ್ವೀಪದ ಬೆಟ್ಟದ ಜನ ಹೊಸ ಆಡಳಿತದ ವಿರುದ್ಧ ದಂಗೆ ಎದ್ದರು; ದಡಾರದ ಸಾವುಗಳು ಬಿತ್ತಿದ ಅಪನಂಬಿಕೆ ಅದರ ಹಿಂದೆ ಇತ್ತು. 1875ರ ಜೂನ್‌ನಲ್ಲಿ ಬಂದ ಗವರ್ನರ್ ಆರ್ಥರ್ ಗಾರ್ಡನ್, ಕುಸಿದ ಮೂಲನಿವಾಸಿಗಳನ್ನು ತೋಟದ ದುಡಿಮೆಗೆ ಹಚ್ಚದೆ, ಹೊರಗಿನಿಂದ ಕೂಲಿಗಳನ್ನು ತರಿಸುವ ದಾರಿ ಹಿಡಿದ. ಆ ಕೂಲಿಗಳು ಭಾರತದವರು. ಕಲ್ಕತ್ತೆಯಿಂದ ಹೊರಟ ಲಿಯೊನಿಡಾಸ್ ಹಡಗು ಮೊದಲ ಗಿರ್ಮಿಟ್, ಅಂದರೆ ಕರಾರಿನ, ಕೂಲಿಗಳನ್ನು ಹೊತ್ತು 1879ರ ಮೇ 14ರಂದು ಲೆವುಕಾಕ್ಕೆ ಬಂತು. ದಾರಿಯಲ್ಲಿ ಕಾಲರಾ, ಸಿಡುಬು ಕಾಣಿಸಿಕೊಂಡಿದ್ದ ಆ ಹಡಗಿನವರನ್ನು ಈ ಸಲ ಒಂದು ಪುಟ್ಟ ದ್ವೀಪದಲ್ಲಿ ಪ್ರತ್ಯೇಕವಾಗಿ ಇರಿಸಿ, ರೋಗ ತಣಿದ ಮೇಲೆಯೇ ಒಳಗೆ ಬಿಟ್ಟುಕೊಂಡರು. ನಾಲ್ಕು ವರ್ಷದ ಹಿಂದೆ ಕಲಿತ ಪಾಠ ಆಗ ಕೆಲಸಕ್ಕೆ ಬಂತು. 1916ರವರೆಗೆ 60,000ಕ್ಕೂ ಹೆಚ್ಚು ಭಾರತೀಯರು, ಮದರಾಸು ಬಂದರಿನಿಂದ ಹೊರಟ ದಕ್ಷಿಣದವರೂ ಸೇರಿ, ಫಿಜಿಯ ಕಬ್ಬಿನ ಗದ್ದೆಗಳಿಗೆ ಹೋದರು.

ಕೊಂದದ್ದು ಯಾವುದು?

ಫಿಜಿಯ ಜನರ ಜನಾಂಗವೇ ದುರ್ಬಲ, ನಾಗರಿಕತೆಯ ಸಂಪರ್ಕಕ್ಕೆ ಬಂದ ಕೂಡಲೇ ಇಂಥವರು ಅಳಿದುಹೋಗುವುದು ಸಹಜ ಎಂದು ಅಂದಿನ ಅನೇಕ ಯೂರೋಪಿಯನ್ನರು ಹೇಳಿ ಕೈತೊಳೆದುಕೊಂಡರು. ಆಗಲೇ ಇದನ್ನು ಒಪ್ಪದ ವೈದ್ಯನೊಬ್ಬನಿದ್ದ. ಲಂಡನ್ನಿನ ವಿಲಿಯಂ ಸ್ಕ್ವೈರ್ 1877ರಲ್ಲಿ ಫಿಜಿಯ ದಡಾರದ ಬಗ್ಗೆ ಬರೆದ. ಸಾವಿರಾರು ಜನ ಸತ್ತದ್ದು ಅನ್ನ ನೀರು ಕೊಡುವವರಿಲ್ಲದೆ, ಆರೈಕೆ ಇಲ್ಲದೆ, ಭಯದಿಂದ, ರಕ್ತಭೇದಿಯಿಂದ, ಶ್ವಾಸಕೋಶದ ಕಾಯಿಲೆಯಿಂದ; ಇಷ್ಟು ಸಾವನ್ನು ವಿವರಿಸಲು ಜನಾಂಗದ ದೌರ್ಬಲ್ಯವನ್ನು ಎಳೆದು ತರಬೇಕಾಗಿಲ್ಲ ಎಂಬುದು ಅವನ ವಾದ. ಪಾನುಮ್‌ನ ವರದಿಯನ್ನು ಇದರ ಪಕ್ಕದಲ್ಲಿಟ್ಟರೆ ವಾದ ಇನ್ನೂ ಗಟ್ಟಿಯಾಗುತ್ತದೆ. ದಡಾರದ ವಿರುದ್ಧ ಪ್ರತಿರೋಧ ಹೆಚ್ಚುಕಡಿಮೆ ಇಲ್ಲದ ಎರಡು ಜನಸಮುದಾಯಗಳು. ಒಂದರಲ್ಲಿ ರೋಗ ಬಂದ ನೂರರಲ್ಲಿ ಮೂವರಿಗಿಂತ ಕಡಿಮೆ ಜನ ಸತ್ತರು, ಇನ್ನೊಂದರಲ್ಲಿ ನಾಡಿನ ಕಾಲು ಭಾಗವೇ ಹೋಯಿತು. ಫೆರೋದವರ ಪೂರ್ವಿಕರಿಗೆ ಈ ರೋಗದ ಹಳೆಯ ಒಡನಾಟ ಇತ್ತು ಎಂಬುದನ್ನು ಒಪ್ಪಿಕೊಂಡರೂ ಇಷ್ಟು ದೊಡ್ಡ ಅಂತರ ಅದರಿಂದಲೇ ಬರಲಾರದು. ಸಿಡ್ನಿಯಲ್ಲಿ ಆರೈಕೆ ಸಿಕ್ಕ ಮುದಿ ಥಾಕೊಂಬಾವು ಬದುಕಿದ, ಅವನ ನಾಡಿನಲ್ಲಿ ಆರೈಕೆ ಸಿಗದ ತರುಣರು ಸತ್ತರು.

ದಡಾರದ ಸಾವಿನ ಪ್ರಮಾಣ ಇಷ್ಟು ಎಂದು ಒಂದೇ ಅಂಕಿಯನ್ನು ಹೇಳುವವರನ್ನು ನಂಬಬಾರದು ಎನ್ನುವುದು ಇದಕ್ಕೇ. ಅಂಕಿಯ ಕೆಳಗಿನ ಲೆಕ್ಕವನ್ನೂ ನೋಡಬೇಕು. ಲಸಿಕೆ ಬರುವ ಮೊದಲು ಅಮೆರಿಕದಲ್ಲಿ ವರ್ಷಕ್ಕೆ 30ರಿಂದ 40 ಲಕ್ಷ ಮಂದಿಗೆ ದಡಾರ ಬರುತ್ತಿತ್ತು. ಸರ್ಕಾರಿ ದಾಖಲೆಗೆ ಸೇರುತ್ತಿದ್ದದ್ದು ಸುಮಾರು 5 ಲಕ್ಷ. ಸಾಯುತ್ತಿದ್ದವರು 400ರಿಂದ 500. ದಾಖಲಾದವರ ಲೆಕ್ಕದಲ್ಲಿ ಸಾವಿರಕ್ಕೆ ಒಂದು ಸಾವು; ನಿಜವಾಗಿ ರೋಗ ಬಂದವರ ಲೆಕ್ಕದಲ್ಲಿ ಹತ್ತು ಸಾವಿರಕ್ಕೆ ಒಂದು. ಎರಡೂ ಸರಿಯಾದ ಅಂಕಿಗಳೇ. ಹೊಟ್ಟೆ ತುಂಬ ಉಂಡ, ಆಸ್ಪತ್ರೆ ಹತ್ತಿರವಿದ್ದ ದೇಶದ ಚಿತ್ರ ಅದು. ಆ ದೇಶದಲ್ಲೂ ವರ್ಷಕ್ಕೆ 48,000 ಮಂದಿ ಆಸ್ಪತ್ರೆ ಸೇರುತ್ತಿದ್ದರು, ಸಾವಿರದಷ್ಟು ಮಂದಿಗೆ ಮಿದುಳಿನ ಊತ ಬರುತ್ತಿತ್ತು ಎಂಬುದನ್ನು ಮರೆಯಬಾರದು. ಬಡ ದೇಶಗಳಲ್ಲಿ ಇದೇ ರೋಗ ನೂರಕ್ಕೆ ಮೂರರಿಂದ ಐದು ಮಕ್ಕಳನ್ನು ಕೊಂದಿದೆ. ಬರ, ಯುದ್ಧಗಳಿಂದ ಓಡಿ ಬಂದವರ ಶಿಬಿರಗಳಲ್ಲಿ ಹತ್ತನ್ನೂ ದಾಟಿದೆ.

ಈ ವ್ಯತ್ಯಾಸದ ಒಳಗುಟ್ಟನ್ನು ಬಿಡಿಸಲು ವೈದ್ಯರು ಅರ್ಧ ಶತಮಾನ ದುಡಿದರು. 1932ರಲ್ಲಿ ಲಂಡನ್ನಿನ ವೈದ್ಯ ಜೋಸೆಫ್ ಎಲಿಸನ್ ದಡಾರವಾದ 600 ಮಕ್ಕಳನ್ನು ಎರಡು ಗುಂಪು ಮಾಡಿ, 300 ಮಕ್ಕಳಿಗೆ ಎ ಜೀವಸತ್ವ ಹೇರಳವಾಗಿದ್ದ ಎಣ್ಣೆ ಕುಡಿಸಿದ. ಕುಡಿಯದ ಗುಂಪಿನಲ್ಲಿ 26 ಮಕ್ಕಳು ಸತ್ತರು, ಕುಡಿದ ಗುಂಪಿನಲ್ಲಿ 11. ಈ ಫಲಿತಾಂಶವನ್ನು ವೈದ್ಯಲೋಕ ಬಹುಕಾಲ ಮರೆತೇಬಿಟ್ಟಿತು. 1980ರ ದಶಕದಲ್ಲಿ ಇಂಡೋನೇಷ್ಯಾದ ಅಚೆ ಪ್ರಾಂತ್ಯದಲ್ಲಿ ಆಲ್ಫ್ರೆಡ್ ಸಾಮರ್ ನಡೆಸಿದ ಅಧ್ಯಯನ, ಎ ಜೀವಸತ್ವ ಕೊಟ್ಟ ಹಳ್ಳಿಗಳಲ್ಲಿ ಮಕ್ಕಳ ಸಾವು ಮೂರನೇ ಒಂದರಷ್ಟು ಇಳಿದದ್ದನ್ನು ತೋರಿಸಿದ ಮೇಲೆ ಮತ್ತೆ ಕಣ್ಣು ತೆರೆಯಿತು. 1990ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಹಸ್ಸಿ ಮತ್ತು ಕ್ಲೈನ್ ಎಂಬ ವೈದ್ಯರು ತೀವ್ರ ದಡಾರವಾದ 189 ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಸತ್ತ 12 ಮಕ್ಕಳಲ್ಲಿ 10 ಮಕ್ಕಳು ಎ ಜೀವಸತ್ವ ಸಿಗದವರು. ಕೆಲವೇ ಕಾಸಿನ ಒಂದು ದ್ರಾವಣ ಸಾವಿನ ಪ್ರಮಾಣವನ್ನು ಇಷ್ಟು ಇಳಿಸಿತು.

ಪಶ್ಚಿಮ ಆಫ್ರಿಕಾದ ಗಿನಿ ಬಿಸಾವ್‌ನಲ್ಲಿ 1979ರ ದಡಾರದ ಹಾವಳಿಯನ್ನು ಹತ್ತಿರದಿಂದ ಕಂಡ ಪೀಟರ್ ಆಬಿ ಇನ್ನೊಂದು ಎಳೆ ಹಿಡಿದ. ಹೊರಗೆಲ್ಲೋ ಸೋಂಕು ತಗಲಿಸಿಕೊಂಡು ಬಂದ ಮೊದಲ ಮಗುವಿಗಿಂತ, ಅದೇ ಮನೆಯಲ್ಲಿ ಅದರ ಪಕ್ಕ ಮಲಗಿ ಸೋಂಕು ಪಡೆದ ತಮ್ಮ ತಂಗಿಯರು ಹೆಚ್ಚು ಸಾಯುತ್ತಿದ್ದರು. ಇಕ್ಕಟ್ಟಿನ ಕೋಣೆಯಲ್ಲಿ ರಾತ್ರಿಯಿಡೀ ಒಟ್ಟಿಗೆ ಉಸಿರಾಡಿದಾಗ ದೇಹಕ್ಕೆ ಹೊಗುವ ವೈರಸ್ಸಿನ ಪ್ರಮಾಣವೇ ಹೆಚ್ಚು. ಮನೆಯ ಅಳತೆಗೂ ಮಗುವಿನ ಆಯಸ್ಸಿಗೂ ಹೀಗೆ ಸಂಬಂಧ ಇತ್ತು.

ದಡಾರ ಬಿಟ್ಟುಹೋದ ಮೇಲೆ ಸಾಯುವ ಮಕ್ಕಳ ಒಗಟು ಇನ್ನೂ ಇತ್ತು. ಫಿಜಿಯಲ್ಲಿ ದದ್ದು ಇಳಿದವರನ್ನು ರಕ್ತಭೇದಿ ಏಕೆ ಕೊಂದಿತು? ನಮ್ಮ ಹಳ್ಳಿಗಳಲ್ಲಿ ದಡಾರವಾಗಿ ಎದ್ದ ಮಗು ತಿಂಗಳೊಪ್ಪತ್ತಿನಲ್ಲಿ ಭೇದಿಗೋ ಕಫಕ್ಕೋ ಬಲಿಯಾಗುವುದು ಏಕೆ? 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಕೊಟ್ಟಿತು. ನೆದರ್ಲೆಂಡ್ಸ್‌ನಲ್ಲಿ ಲಸಿಕೆ ಹಾಕಿಸಿಕೊಳ್ಳದ ಸಮುದಾಯದ 77 ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲು ಮತ್ತು ನಂತರ ಪರೀಕ್ಷಿಸಿದಾಗ, ಬೇರೆ ರೋಗಗಳ ವಿರುದ್ಧ ಅವರು ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟು ಅಳಿಸಿಹೋಗಿದ್ದವು. ದಡಾರದ ವೈರಸ್ಸು ದೇಹದ ರಕ್ಷಣಾ ವ್ಯವಸ್ಥೆಯ ನೆನಪನ್ನೇ ಒರೆಸುತ್ತದೆ. ವರ್ಷಗಟ್ಟಲೆ ಗಳಿಸಿದ ಪ್ರತಿರೋಧವನ್ನು ಮಗು ಮತ್ತೆ ಮೊದಲಿನಿಂದ ಗಳಿಸಬೇಕು. ಮರಣ ಪ್ರಮಾಣಪತ್ರದಲ್ಲಿ ನ್ಯುಮೋನಿಯಾ ಎಂದು ಬರೆದ ಎಷ್ಟೋ ಸಾವುಗಳ ಹಿಂದೆ ದಡಾರ ಇತ್ತು. ಹೀಗಾಗಿ ದಡಾರದ ಲೆಕ್ಕಕ್ಕೆ ಸಿಕ್ಕ ಸಾವುಗಳು ನಿಜಕ್ಕಿಂತ ಕಡಿಮೆಯೇ.

ಒಂದು ಚುಚ್ಚುಮದ್ದಿನ ಇತಿಹಾಸ

1954ರಲ್ಲಿ ಅಮೆರಿಕದ ಬಾಸ್ಟನ್ ಬಳಿಯ ಶಾಲೆಯೊಂದರಲ್ಲಿ ದಡಾರ ಹಬ್ಬಿದಾಗ, ಜಾನ್ ಎಂಡರ್ಸ್ ಅವರ ಪ್ರಯೋಗಾಲಯದ ಯುವ ವೈದ್ಯ ಥಾಮಸ್ ಪೀಬಲ್ಸ್ ಅಲ್ಲಿಗೆ ಹೋಗಿ ರೋಗ ಬಂದ ವಿದ್ಯಾರ್ಥಿಗಳ ರಕ್ತ ತಂದ. ಅದರಲ್ಲಿ ಒಬ್ಬ ಹುಡುಗನ ರಕ್ತದಿಂದ ವೈರಸ್ಸು ಪ್ರಯೋಗಾಲಯದಲ್ಲಿ ಬೆಳೆಯಿತು. ಆ ಹುಡುಗನ ಹೆಸರಿನಲ್ಲೇ ಎಡ್ಮನ್‌ಸ್ಟನ್ ತಳಿ ಎಂದು ಕರೆಯಲಾದ ಆ ವೈರಸ್ಸನ್ನು ಕೋಶದಿಂದ ಕೋಶಕ್ಕೆ ದಾಟಿಸುತ್ತ, ರೋಗ ತರುವ ಶಕ್ತಿ ಕುಂದಿಸುತ್ತ, ಲಸಿಕೆ ರೂಪಿಸಿದರು. 1963ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. 1968ರಲ್ಲಿ ಮಾರಿಸ್ ಹಿಲ್ಮನ್ ಇನ್ನಷ್ಟು ಸೌಮ್ಯ ರೂಪವನ್ನು ತಂದರು.

ಲಸಿಕೆ ವ್ಯಾಪಕವಾಗುವ ಮುನ್ನ, 1980ರಲ್ಲಿ, ಜಗತ್ತಿನಲ್ಲಿ ದಡಾರದಿಂದ ವರ್ಷಕ್ಕೆ ಸುಮಾರು 26 ಲಕ್ಷ ಜೀವ ಹೋಗುತ್ತಿದ್ದವು. 2023ರಲ್ಲಿ ಈ ಅಂದಾಜು 1,07,500ಕ್ಕೆ ಇಳಿದಿತ್ತು. ದಡಾರದಷ್ಟು ಸುಲಭವಾಗಿ ಹರಡುವ ರೋಗ ಇನ್ನೊಂದಿಲ್ಲ ಎನ್ನಬಹುದು. ಪ್ರತಿರೋಧವಿಲ್ಲದ ಹತ್ತು ಮಂದಿ ರೋಗಿಯ ಹತ್ತಿರ ಸುಳಿದರೆ ಒಂಬತ್ತು ಮಂದಿಗೆ ಅಂಟುತ್ತದೆ. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೂ ವೈರಸ್ಸು ಇರುತ್ತದೆ. ದದ್ದು ಏಳುವ ನಾಲ್ಕು ದಿನ ಮೊದಲೇ ರೋಗಿ ಅದನ್ನು ಹರಡುತ್ತಿರುತ್ತಾನೆ. ಆದ್ದರಿಂದಲೇ ಊರಿನ ನೂರು ಮಕ್ಕಳಲ್ಲಿ ತೊಂಬತ್ತೈದು ಮಕ್ಕಳಿಗಾದರೂ ಎರಡು ಸಲ ಲಸಿಕೆ ಬೀಳಬೇಕು. ಅಷ್ಟು ಬಿದ್ದರೆ ಲಸಿಕೆಯ ವಯಸ್ಸಾಗದ ಹಸುಗೂಸೂ ಕ್ಷೇಮ. ಅದಕ್ಕಿಂತ ಇಳಿದರೆ ಏನಾಗುತ್ತದೆ ಎಂಬುದನ್ನು ಮೂರನೆಯ ದ್ವೀಪ ತೋರಿಸಿತು.

ಸಮೋವಾ, 2019

ಫಿಜಿಯ ಈಶಾನ್ಯಕ್ಕಿರುವ ಸಮೋವಾದ ಜನಸಂಖ್ಯೆ ಸುಮಾರು 2 ಲಕ್ಷ. 2018ರ ಜುಲೈನಲ್ಲಿ ಅಲ್ಲಿನ ಸವಾಯಿ ದ್ವೀಪದ ಆಸ್ಪತ್ರೆಯೊಂದರಲ್ಲಿ ಲಸಿಕೆ ಹಾಕಿಸಿಕೊಂಡ ಎರಡು ಕೂಸುಗಳು ಸತ್ತವು. ಲಸಿಕೆಯ ಪುಡಿಯನ್ನು ಕಲಸಲು ಶುದ್ಧ ನೀರಿನ ಬದಲು ಸ್ನಾಯು ಸಡಿಲಿಸುವ ಔಷಧ ಬಳಸಿದ್ದು ಕಾರಣ ಎಂದು ತನಿಖೆಯಲ್ಲಿ ತಿಳಿಯಿತು. ಲಸಿಕೆಯಲ್ಲಿ ದೋಷ ಇರಲಿಲ್ಲ. ಆದರೆ ತನಿಖೆ ಮುಗಿಯುವವರೆಗೆ ಸರ್ಕಾರ ತಿಂಗಳುಗಟ್ಟಲೆ ಲಸಿಕೆ ನಿಲ್ಲಿಸಿತು, ತಾಯಂದಿರ ಮನಸ್ಸಿನಲ್ಲಿ ಭಯ ಕೂತಿತು, ಆ ಭಯವನ್ನು ಬೆಳೆಸುವವರು ಸಾಮಾಜಿಕ ಜಾಲತಾಣಗಳಲ್ಲಿ ಸಿದ್ಧರಿದ್ದರು. ಮೊದಲ ಡೋಸ್ ಪಡೆದ ಮಕ್ಕಳ ಪ್ರಮಾಣ ಶೇ. 31ರ ಆಸುಪಾಸಿಗೆ ಕುಸಿಯಿತು.

2019ರಲ್ಲಿ ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ದಡಾರ ಹಬ್ಬಿತ್ತು. ಅಲ್ಲಿಂದ ವಿಮಾನದಲ್ಲಿ ಬಂದ ರೋಗ ಸಮೋವಾದಲ್ಲಿ ಬಿರುಗಾಳಿಯಂತೆ ಹರಡಿತು. ನವೆಂಬರ್ 15ರಂದು ತುರ್ತುಸ್ಥಿತಿ ಘೋಷಣೆಯಾಯಿತು, ಶಾಲೆಗಳು ಮುಚ್ಚಿದವು. ಡಿಸೆಂಬರ್ 5 ಮತ್ತು 6ರಂದು ಇಡೀ ದೇಶದ ವ್ಯವಹಾರ ನಿಲ್ಲಿಸಿ, ಲಸಿಕೆ ಆಗದವರಿರುವ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಲು ಹೇಳಿ, ಆರೋಗ್ಯ ಸಿಬ್ಬಂದಿ ಮನೆ ಮನೆಗೆ ಹೋದರು. ತಿಂಗಳ ಕೊನೆಗೆ ಸುಮಾರು ಶೇ. 95 ಜನರಿಗೆ ಲಸಿಕೆ ಬಿದ್ದಿತ್ತು, ರೋಗ ನಿಂತಿತು. ಆ ಹೊತ್ತಿಗೆ 5,700ಕ್ಕೂ ಹೆಚ್ಚು ಮಂದಿಗೆ ದಡಾರ ಬಂದು 83 ಮಂದಿ ಸತ್ತಿದ್ದರು. ಅವರಲ್ಲಿ ಬಹುಪಾಲು ಐದು ವರ್ಷ ತುಂಬದ ಮಕ್ಕಳು.

ಅದೇ ಋತುವಿನಲ್ಲಿ, ಅದೇ ಸಾಗರದಲ್ಲಿ, ದಡಾರ ಟೋಂಗಾಕ್ಕೂ ಫಿಜಿಗೂ ಹೋಗಿತ್ತು. ಟೋಂಗಾದಲ್ಲಿ 600ಕ್ಕೂ ಹೆಚ್ಚು ಮಂದಿಗೆ ಬಂತು, ಯಾರೂ ಸಾಯಲಿಲ್ಲ. ಒಂದು ಕಾಲಕ್ಕೆ ಕಾಲು ಭಾಗ ಜನರನ್ನು ಕಳೆದುಕೊಂಡ ಫಿಜಿಯಲ್ಲಿ ರೋಗ ಮೂವತ್ತು ಮಂದಿಯನ್ನೂ ದಾಟಲಿಲ್ಲ. ಒಂದು ಸಾವೂ ಇಲ್ಲ. ಆ ದೇಶಗಳ ಮಕ್ಕಳಿಗೆ ಮೊದಲೇ ಲಸಿಕೆ ಆಗಿತ್ತು. ಫಿಜಿಯ ಈ ಮಕ್ಕಳು 1875ರಲ್ಲಿ ದುರ್ಬಲ ಎನಿಸಿಕೊಂಡ ಜನಾಂಗದ ವಂಶಸ್ಥರೇ. ದೌರ್ಬಲ್ಯ ಎಂದೂ ಅವರ ರಕ್ತದಲ್ಲಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ನಮ್ಮ ಮನೆಬಾಗಿಲಲ್ಲಿ

ಭಾರತದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ದಡಾರದ ಲಸಿಕೆ ಸೇರಿದ್ದು 1985ರಲ್ಲಿ. 2010ರಿಂದ ಎರಡನೆಯ ಡೋಸ್ ಬಂತು. ದಡಾರ ಮತ್ತು ರುಬೆಲ್ಲಾ ಎರಡನ್ನೂ ತಡೆಯುವ ಎಂಆರ್ ಲಸಿಕೆಯ ದೇಶವ್ಯಾಪಿ ಅಭಿಯಾನಕ್ಕೆ 2017ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲಿ ಚುಚ್ಚುಮದ್ದು ಹಾಕುವ ಕೆಲಸ ಅದು. ಅದೇ ವಾರಗಳಲ್ಲಿ ವಾಟ್ಸ್ಆ್ಯಪ್‌ನಲ್ಲಿ ಸುಳ್ಳು ಸಂದೇಶಗಳು ಹರಿದಾಡಿದವು, ಹೆದರಿದ ಪೋಷಕರು ಮಕ್ಕಳನ್ನು ಶಾಲೆಗೆ ಕಳಿಸದೆ ಉಳಿಸಿಕೊಂಡರು. ಆಶಾ ಕಾರ್ಯಕರ್ತೆಯರೂ ಶಿಕ್ಷಕಿಯರೂ ಮನೆ ಮನೆಗೆ ಹೋಗಿ ಅವರ ಮನವೊಲಿಸಬೇಕಾಯಿತು. 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿಯಂಥ ಇಕ್ಕಟ್ಟಿನ ಬಡಾವಣೆಗಳಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತಾಗ, ಕೋವಿಡ್ ಕಾಲದಲ್ಲಿ ತಪ್ಪಿಹೋದ ಲಸಿಕೆಗಳ ಬೆಲೆ ಏನೆಂದು ಗೊತ್ತಾಯಿತು.

ನಮ್ಮಲ್ಲಿ ಮೈಮೇಲೆ ದದ್ದು ಎದ್ದರೆ ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ಕಟ್ಟಿ, ಮಗುವನ್ನು ಬೇರೆ ಮಲಗಿಸಿ, ಹೊರಗಿನವರನ್ನು ಒಳಗೆ ಬಿಡದ ಪದ್ಧತಿ ಇದೆ. ಬೇರೆ ಮಲಗಿಸುವುದು ಒಳ್ಳೆಯದು. ಫೆರೋದಲ್ಲಿ ಬಾಗಿಲು ಹಾಕಿಕೊಂಡ ಹಳ್ಳಿಗಳು ಪಾರಾದದ್ದು ಅದರಿಂದಲೇ. ಆದರೆ ಪಥ್ಯದ ಹೆಸರಿನಲ್ಲಿ ಊಟ ಕಡಿಮೆ ಮಾಡುವುದು, ಆಸ್ಪತ್ರೆಗೆ ಕರೆದೊಯ್ಯದಿರುವುದು ಮಗುವಿಗೆ ಅಪಾಯ. ದೇವಿಗೆ ಕೈಮುಗಿಯುವ ತಾಯಿ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೋಗಲಿ. ಎದೆಹಾಲು, ಗಂಜಿ, ನೀರು ನಿಲ್ಲದಿರಲಿ. ಎ ಜೀವಸತ್ವದ ದ್ರಾವಣವನ್ನು ವೈದ್ಯರು ಹೇಳಿದಷ್ಟೇ ಕೊಡಿಸಲಿ. ಉಸಿರು ಜೋರಾದರೆ, ಮಗು ಮಂಕಾದರೆ, ಭೇದಿ ನಿಲ್ಲದಿದ್ದರೆ ಒಂದು ರಾತ್ರಿಯೂ ಕಾಯದಿರಲಿ.

ಇದೆಲ್ಲ ರೋಗ ಬಂದ ಮೇಲಿನ ಮಾತು. ಬರುವ ಮೊದಲಿನದು ಇನ್ನೂ ಸರಳ: ಒಂಬತ್ತು ತಿಂಗಳು ತುಂಬಿದಾಗ ಬಲತೋಳಿಗೆ ಒಂದು ಚುಚ್ಚುಮದ್ದು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳ ನಡುವೆ ಇನ್ನೊಂದು. ತಾಯಿ ಕಾರ್ಡಿನಲ್ಲಿ ಅದಕ್ಕೆ ಎರಡು ಚೌಕಗಳಿವೆ. ಫೆರೋ, ಫಿಜಿ, ಸಮೋವಾಗಳಿಗೆ ಬಂದ ವೈರಸ್ಸು ಒಂದೇ. ನೂರಕ್ಕೆ ಎಷ್ಟು ಎಂಬ ಸಾವಿನ ಲೆಕ್ಕವನ್ನು ತೀರ್ಮಾನಿಸಿದ್ದು ಬಂದರಿನ ಅಧಿಕಾರಿಯ ಎಚ್ಚರ, ನೀರು ಕೊಡುವ ಕೈ, ಮನೆಯ ಇಕ್ಕಟ್ಟು, ಊಟದ ತಟ್ಟೆ, ಲಸಿಕೆಯ ಮೇಲಿನ ನಂಬಿಕೆ. ಇವೆಲ್ಲ ಮನುಷ್ಯರ ಕೈಯಲ್ಲಿರುವ ಸಂಗತಿಗಳು. ಹಾಗಾಗಿ ಇನ್ನು ಮುಂದೆ ದಡಾರದಿಂದ ಸಾಯುವ ಪ್ರತಿ ಮಗುವಿನ ಸಾವಿಗೂ ನಾವೇ ಉತ್ತರ ಹೇಳಬೇಕು; ವೈರಸ್ಸಿನ ಮೇಲೆ ಹಾಕಿ ಸುಮ್ಮನಾಗುವ ಹಕ್ಕು ನಮಗೆ ಉಳಿದಿಲ್ಲ.